ಲ್ಯಾಪ್‌ಟಾಪ್ ಪರದೆ ಕತ್ತಲಾದರೆ ಏನು ಮಾಡಬೇಕು?



ಕಳೆದ ವರ್ಷ ಮಾರ್ಚ್ ತಿಂಗಳ ಕೊನೆಯ ವಾರ. ಒಕ್ಕೂಟದ ಲೆಕ್ಕಪರಿಶೋಧನೆಗೆ ನಾಲ್ಕೇ ದಿನ ಬಾಕಿ. ಬೆಳಿಗ್ಗೆ ಒಂಬತ್ತು ಗಂಟೆಗೆ ಒಕ್ಕೂಟದ ಲೆಕ್ಕ ಬರೆಯುವ ಅಕ್ಕನಿಂದ ಫೋನು ಬಂತು. “ಮೇಡಂ, ಲ್ಯಾಪ್‌ಟಾಪ್ ಸತ್ತೇ ಹೋಯ್ತು. ಸ್ಕ್ರೀನ್ ಪೂರ್ತಿ ಕಪ್ಪು. ಹದಿನಾಲ್ಕು ಸಂಘದ ಸಾಲದ ಲೆಕ್ಕ ಅದರಲ್ಲೇ ಇದೆ. ನಾನೇನು ಮಾಡ್ಲಿ?” ಅಂದವರು ಅತ್ತೇಬಿಟ್ಟರು. ಹಿಂದಿನ ದಿನ ಸಂಜೆಯೇ ಅದನ್ನು ಪೇಟೆಯ ಒಂದು ಅಂಗಡಿಗೆ ಹೊತ್ತುಕೊಂಡು ಹೋಗಿದ್ದರಂತೆ. ಅಂಗಡಿಯವರು ಒಮ್ಮೆ ಆನ್ ಮಾಡಿ ನೋಡಿ, “ಮದರ್‌ಬೋರ್ಡ್ ಹೋಗಿದೆ, ಒಂಬತ್ತು ಸಾವಿರ ಆಗುತ್ತೆ, ಒಳಗಿನ ಲೆಕ್ಕ ಸಿಗುತ್ತೆ ಅಂತ ಹೇಳಕ್ಕಾಗಲ್ಲ” ಎಂದರಂತೆ. ಅಷ್ಟು ಹಣಕ್ಕೆ ಅಧ್ಯಕ್ಷರ, ಖಜಾಂಚಿಯವರ ಸಹಿ ಬೇಕು ಎಂಬ ಒಂದೇ ಕಾರಣಕ್ಕೆ ಅಕ್ಕ ಅದನ್ನು ವಾಪಸ್ ತಂದಿದ್ದರು. ಒಳ್ಳೆಯದೇ ಆಯಿತು.

ನಾನು ಇಂಜಿನಿಯರ್ ಅಲ್ಲ. ನಮ್ಮ ಕಚೇರಿಯ ಕಂಪ್ಯೂಟರ್ ರಿಪೇರಿಗೆ ಬರುವ ಹುಡುಗನ ಪಕ್ಕದಲ್ಲಿ ನಿಂತು, “ಇದೇನು, ಅದೇನು” ಎಂದು ಕೇಳಿ ಕೇಳಿ ಕಲಿತವಳು. ಅವನು ಮೊದಲು ಕಲಿಸಿದ ಮಾತು ಇದು: ಪರದೆ ಕಪ್ಪಾದರೆ ಯಂತ್ರ ಸತ್ತಿದೆ ಎಂದು ಯಾವತ್ತೂ ಹೇಳಬೇಡಿ, ಮೊದಲು ನೋಡಿ. ಆ ದಿನ ಅಕ್ಕನ ಜೊತೆ ಫೋನಿನಲ್ಲಿ ಏನೇನು ಮಾಡಿದೆವೋ ಅದನ್ನೇ ಈ ಸಲದ ಪಾಠವಾಗಿ ಬರೆಯುತ್ತಿದ್ದೇನೆ. ಇದರಲ್ಲಿ ಹೆಚ್ಚಿನದಕ್ಕೆ ಒಂದು ಸ್ಕ್ರೂ ಕೂಡ ಬಿಚ್ಚಬೇಕಾಗಿಲ್ಲ.

ಮೊದಲು ನೋಡಿ, ಕೇಳಿ

“ಅಕ್ಕಾ, ಅಳಬೇಡಿ. ಪವರ್ ಗುಂಡಿ ಒತ್ತಿ, ಲೈಟ್ ಬರುತ್ತಾ ಹೇಳಿ.”

“ಬರುತ್ತೆ.”

“ಫ್ಯಾನಿನ ಸದ್ದು? ಪಕ್ಕದಲ್ಲಿ ಕಿವಿ ಇಟ್ಟು ಕೇಳಿ.”

“ಗುಂಯ್ ಅಂತ ಇದೆ.”

“ಈಗ ಎರಡು ನಿಮಿಷ ಬಿಟ್ಟು ಕ್ಯಾಪ್ಸ್ ಲಾಕ್ ಕೀ ಒತ್ತಿ. ಅದರ ಸಣ್ಣ ಲೈಟ್ ಹತ್ತಿ ಆರುತ್ತಾ?”

“ಹೌದು ಮೇಡಂ, ಒತ್ತಿದಾಗ ಹತ್ತುತ್ತೆ, ಇನ್ನೊಮ್ಮೆ ಒತ್ತಿದರೆ ಆರುತ್ತೆ.”

ಅರ್ಧ ಧೈರ್ಯ ಬಂದದ್ದು ಆಗ. ಕ್ಯಾಪ್ಸ್ ಲಾಕ್ ಲೈಟ್ ನಮ್ಮ ಮಾತು ಕೇಳುತ್ತದೆ ಎಂದರೆ ಒಳಗೆ ಯಂತ್ರ ಕೆಲಸ ಮಾಡುತ್ತಿದೆ, ನಮಗೆ ಕಾಣಿಸುತ್ತಿಲ್ಲ ಅಷ್ಟೇ. ಲೈಟೇ ಬರದಿದ್ದರೆ ಅದು ಬೇರೆ ಕಾಯಿಲೆ: ಚಾರ್ಜರ್, ಬ್ಯಾಟರಿ, ಚಾರ್ಜರ್ ಚುಚ್ಚುವ ತೂತು ಇವುಗಳನ್ನು ನೋಡಬೇಕು. ಹೊಂದುವ ಬೇರೊಂದು ಚಾರ್ಜರ್ ಹಾಕಿ ನೋಡುವುದು ಮೊದಲ ಕೆಲಸ. ಲೈಟ್ ಬಂದು, ಬೀಪ್ ಬೀಪ್ ಎಂದು ಸದ್ದು ಮಾಡಿ ನಿಂತುಬಿಟ್ಟರೆ ಎಷ್ಟು ಸಲ ಬೀಪ್ ಆಯಿತು ಎಂದು ಎಣಿಸಿ ಬರೆದಿಟ್ಟುಕೊಳ್ಳಿ. ಒಂದೊಂದು ಕಂಪನಿಯಲ್ಲಿ ಈ ಲೆಕ್ಕಕ್ಕೆ ಒಂದೊಂದು ಅರ್ಥ. ಹಲವು ಸಲ ಅದು ರ‍್ಯಾಮ್ ಎಂಬ ಪಟ್ಟಿ ಸಡಿಲವಾಗಿದೆ ಎಂದು ಹೇಳುವ ಸದ್ದು.

ಇನ್ನೊಂದನ್ನೂ ಗಮನಿಸಿ. ಆನ್ ಮಾಡಿದ ಕೂಡಲೇ ಕಂಪನಿಯ ಹೆಸರು ಪರದೆಯ ಮೇಲೆ ಚೆನ್ನಾಗಿ ಬಂದು, ವಿಂಡೋಸ್ ತೆರೆಯುವಾಗ ಮಾತ್ರ ಕಪ್ಪಾಗುತ್ತದೆಯೇ? ಹಾಗಿದ್ದರೆ ಪರದೆ ಗಟ್ಟಿಮುಟ್ಟಾಗಿದೆ, ತೊಂದರೆ ಹೆಚ್ಚಾಗಿ ಒಳಗಿನ ಸಾಫ್ಟ್‌ವೇರಿನದು. ಕಪ್ಪು ಪರದೆಯ ಮೇಲೆ ಬಿಳಿ ಬಾಣದ ಗುರುತು ಓಡಾಡುತ್ತಿದ್ದರೂ ಹಾಗೆಯೇ. ಇಂಥದ್ದಕ್ಕೆ ಹೊಸ ಪರದೆ ಹಾಕಿಸಿ ದುಡ್ಡು ಕಳೆದುಕೊಂಡವರನ್ನು ನಾನು ಬಲ್ಲೆ. ವಿಂಡೋಸ್ 10 ಅಥವಾ 11 ಇರುವವರು ವಿಂಡೋಸ್ ಕೀ, ಕಂಟ್ರೋಲ್, ಶಿಫ್ಟ್ ಈ ಮೂರನ್ನೂ ಒತ್ತಿ ಹಿಡಿದು ಬಿ ಅಕ್ಷರ ಒತ್ತಿ ನೋಡಿ. ಚಿತ್ರ ತೋರಿಸುವ ಭಾಗ ಮತ್ತೆ ಹೊಸದಾಗಿ ಶುರುವಾಗುತ್ತದೆ. ಕೆಲವೊಮ್ಮೆ ಅಷ್ಟಕ್ಕೇ ಪರದೆ ಬಂದುಬಿಡುತ್ತದೆ.

ಸುಲಭದ ಕಾರಣಗಳು

ನಗಬೇಡಿ, ಬೆಳಕು ಕಡಿಮೆ ಮಾಡುವ ಕೀಯನ್ನು ಮಕ್ಕಳು ಒತ್ತಿಟ್ಟು ಹೋಗಿರುವುದೂ ಉಂಟು. ಕೀಲಿಮಣೆಯ ಮೇಲಿನ ಸಾಲಿನಲ್ಲಿ ಸೂರ್ಯನ ಚಿತ್ರ ಇರುವ ಎರಡು ಕೀಗಳಿರುತ್ತವೆ. ಎಫ್‌ಎನ್ ಎಂದು ಬರೆದಿರುವ ಕೀ ಹಿಡಿದು ದೊಡ್ಡ ಸೂರ್ಯನನ್ನು ಐದಾರು ಸಲ ಒತ್ತಿ. ಕೆಲವು ಲ್ಯಾಪ್‌ಟಾಪಿನಲ್ಲಿ ಎಫ್‌ಎನ್ ಹಿಡಿಯಬೇಕಾಗಿಲ್ಲ.

ತರಬೇತಿಗೆ ಹೋಗಿ ಪ್ರೊಜೆಕ್ಟರಿಗೆ ಜೋಡಿಸಿದ್ದರೆ, ಚಿತ್ರವನ್ನು ಹೊರಗಿನ ಪರದೆಗೆ ಮಾತ್ರ ಕಳಿಸು ಎಂದು ಅದಕ್ಕೆ ಹೇಳಿ ಮರೆತಿರಬಹುದು. ವಿಂಡೋಸ್ ಕೀ ಹಿಡಿದು ಪಿ ಒತ್ತಿ, ಎಂಟರ್ ಒತ್ತಿ, ಐದಾರು ಸೆಕೆಂಡು ಕಾಯಿರಿ. ಬರದಿದ್ದರೆ ಇನ್ನೊಮ್ಮೆ ಮಾಡಿ, ಈ ಸಲ ಪಿಯನ್ನು ಎರಡು ಸಲ ಒತ್ತಿ, ಆಮೇಲೆ ಮೂರು ಸಲ.

ನನಗೆ ಬಹಳ ಆಶ್ಚರ್ಯವಾದ ಕಾರಣ ಅಯಸ್ಕಾಂತ. ಮುಚ್ಚಳ ಮುಚ್ಚಿದ ಕೂಡಲೇ ಲ್ಯಾಪ್‌ಟಾಪ್ ತಾನಾಗಿ ನಿದ್ದೆ ಹೋಗುತ್ತದಲ್ಲ, ಅದಕ್ಕೆ ಹೇಗೆ ಗೊತ್ತಾಗುತ್ತದೆ? ಹೆಚ್ಚಿನ ಲ್ಯಾಪ್‌ಟಾಪುಗಳಲ್ಲಿ ಪರದೆಯ ಅಂಚಿನಲ್ಲಿ ಒಂದು ಸಣ್ಣ ಅಯಸ್ಕಾಂತ ಇದೆ. ಅದು ಕೀಲಿಮಣೆಯ ಭಾಗದ ಹತ್ತಿರ ಬಂದಾಗ ಅಲ್ಲಿರುವ ಒಂದು ಪುಟ್ಟ ಬಿಡಿಭಾಗ “ಮುಚ್ಚಳ ಮುಚ್ಚಿದರು” ಎಂದು ತಿಳಿದು ಪರದೆ ಆರಿಸುತ್ತದೆ. ಅಯಸ್ಕಾಂತದ ಗುಂಡಿ ಇರುವ ಪರ್ಸ್, ಪುಸ್ತಕದ ಹಾಗೆ ಮಡಚುವ ಮೊಬೈಲ್ ಕವರ್, ಅಯಸ್ಕಾಂತದ ಕೊಂಡಿ ಇರುವ ಕೈಕಡಗ ಇವು ಕೀಲಿಮಣೆಯ ಪಕ್ಕಕ್ಕೆ ಬಂದರೂ ಅದು ಹಾಗೆಯೇ ಮೋಸ ಹೋಗುತ್ತದೆ. ಒಬ್ಬ ತಂಗಿ ಟೈಪ್ ಮಾಡಲು ಕೂತರೆ ಸಾಕು ಪರದೆ ಆರುತ್ತಿತ್ತು, ಬೇರೆಯವರು ಕೂತರೆ ಸರಿ. ಅವಳ ಕೈ ಗುಣವೇ ಸರಿಯಿಲ್ಲ ಎಂದು ಎಲ್ಲರೂ ತಮಾಷೆ ಮಾಡಿದ್ದೇ ಮಾಡಿದ್ದು. ಕೊನೆಗೆ ನೋಡಿದರೆ ಅವಳು ಮಂಡಿನೋವಿಗೆ ಒಳ್ಳೆಯದಂತೆ ಎಂದು ಜಾತ್ರೆಯಲ್ಲಿ ಕೊಂಡ ಅಯಸ್ಕಾಂತದ ಬಳೆ!

ಇವು ಯಾವುದೂ ಅಲ್ಲದಿದ್ದರೆ ಒಳಗೆ ಉಳಿದ ವಿದ್ಯುತ್ತನ್ನು ಖಾಲಿ ಮಾಡಬೇಕು. ಚಾರ್ಜರ್ ತೆಗೆಯಿರಿ. ಪೆನ್‌ಡ್ರೈವ್, ಮೌಸ್ ಎಲ್ಲವನ್ನೂ ತೆಗೆಯಿರಿ. ಬ್ಯಾಟರಿ ಹೊರಗೆ ಬರುವಂಥದ್ದಾದರೆ ಅದನ್ನೂ ತೆಗೆದು, ಪವರ್ ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಆಮೇಲೆ ಚಾರ್ಜರ್ ಮಾತ್ರ ಹಾಕಿ ಆನ್ ಮಾಡಿ. ಗುಡುಗು ಸಿಡಿಲಿನ ಕಾಲದಲ್ಲಿ, ಕರೆಂಟು ಹೋಗಿ ಬಂದು ಮಾಡುವ ಊರುಗಳಲ್ಲಿ, ಇದರಿಂದಲೇ ಎಷ್ಟೋ ಯಂತ್ರಗಳು ಎದ್ದು ಕೂತಿವೆ. ಆದರೆ ಅಕ್ಕನ ಲ್ಯಾಪ್‌ಟಾಪ್ ಏಳಲಿಲ್ಲ.

ಟಾರ್ಚ್ ಹಿಡಿದು ನೋಡುವುದು

ಇದು ಈ ಪಾಠದ ಮುಖ್ಯ ಭಾಗ. ನಿಧಾನವಾಗಿ ಓದಿ.

ದೀಪಾವಳಿಗೆ ಕಟ್ಟುವ ಗೂಡುದೀಪ ನೋಡಿದ್ದೀರಿ. ಬಣ್ಣದ ಕಾಗದ ಹೊರಗೆ, ಬಲ್ಬು ಒಳಗೆ. ಬಲ್ಬು ಸುಟ್ಟರೆ ಕಾಗದ ಎಲ್ಲೂ ಹೋಗಿರುವುದಿಲ್ಲ, ಆದರೆ ಕತ್ತಲಲ್ಲಿ ಕಾಣುವುದಿಲ್ಲ. ಹೆಚ್ಚಿನ ಲ್ಯಾಪ್‌ಟಾಪುಗಳ ಪರದೆಯೂ ಹೀಗೆಯೇ. ಚಿತ್ರ ಮೂಡುವುದು ಒಂದು ತೆಳು ಗಾಜಿನ ಹಾಳೆಯಲ್ಲಿ. ಆ ಹಾಳೆಗೆ ಸ್ವಂತ ಬೆಳಕಿಲ್ಲ. ಅದರ ಹಿಂದೆ ಒಂದು ದೀಪ ಇದೆ, ಅದಕ್ಕೆ ಬ್ಯಾಕ್‌ಲೈಟ್ ಎನ್ನುತ್ತಾರೆ. ಹಾಗಾಗಿ ಕಪ್ಪು ಪರದೆಗೆ ಎರಡು ಅರ್ಥ: ಚಿತ್ರವೇ ಇಲ್ಲ, ಅಥವಾ ಚಿತ್ರ ಇದೆ, ದೀಪ ಇಲ್ಲ. ಎರಡಕ್ಕೂ ರಿಪೇರಿ ಬೇರೆ, ಖರ್ಚೂ ಬೇರೆ.

ಕಂಡುಹಿಡಿಯುವುದು ಹೇಗೆ? ಕೋಣೆಯ ಕಿಟಕಿ ಮುಚ್ಚಿ, ಲೈಟ್ ಆರಿಸಿ. ಲ್ಯಾಪ್‌ಟಾಪ್ ಆನ್ ಮಾಡಿ ಎರಡು ನಿಮಿಷ ಬಿಡಿ. ಮೊಬೈಲ್ ಟಾರ್ಚ್ ಹಾಕಿ ಪರದೆಯ ಹತ್ತಿರ ಹಿಡಿದು, ನೇರವಾಗಿ ಅಲ್ಲ, ಸ್ವಲ್ಪ ಓರೆಯಾಗಿ ಬೆಳಕು ಬಿಡಿ. ಟಾರ್ಚನ್ನು ಮೆಲ್ಲಗೆ ಆಚೆ ಈಚೆ ಸರಿಸುತ್ತಾ ಕಣ್ಣು ಕಿರಿದು ಮಾಡಿ ನೋಡಿ. ನೀರಿನ ಅಡಿಯಲ್ಲಿ ಬರೆದ ಹಾಗೆ ಮಸುಕಾಗಿ ಗಡಿಯಾರ, ಅಕ್ಷರ, ಸಣ್ಣ ಸಣ್ಣ ಚಿತ್ರ ಏನಾದರೂ ಕಾಣುತ್ತದೆಯೇ? ಕಂಡರೆ ಚಿತ್ರ ಮೂಡುತ್ತಿದೆ, ಹಿಂದಿನ ದೀಪಕ್ಕೆ ಮಾತ್ರ ತೊಂದರೆ. ಏನೂ ಕಾಣದಿದ್ದರೆ ತೊಂದರೆ ಬೇರೆ ಕಡೆಯೂ ಇರಬಹುದು, ಮುಂದಿನ ಪರೀಕ್ಷೆ ಮಾಡಬೇಕು.

ಅಕ್ಕ ಫೋನನ್ನೇ ಟಾರ್ಚ್ ಮಾಡಬೇಕಾದ್ದರಿಂದ ನನ್ನ ಮಾತನ್ನು ಸ್ಪೀಕರಿಗೆ ಹಾಕಿ, ಮಗಳನ್ನು ಕರೆದು ಕಿಟಕಿಗೆ ಕಂಬಳಿ ಕಟ್ಟಿಸಿದರು. ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ ಒಂದು ಕೂಗು: “ಮೇಡಂ! ನಮ್ಮ ಸಂಘದ ಫೋಟೋ ಕಾಣ್ತಾ ಇದೆ!” ಪರದೆಗೆ ಹಾಕಿದ್ದ ವಾರ್ಷಿಕೋತ್ಸವದ ಗುಂಪು ಫೋಟೋ ಅದು.

ಟಿ.ವಿ.ಗೆ ಜೋಡಿಸಿ ಲೆಕ್ಕ ಹೊರತೆಗೆಯುವುದು

ಪರದೆ ಆಮೇಲೆ, ಮೊದಲು ಲೆಕ್ಕ. ಮನೆಯ ಸೆಟ್‌ಟಾಪ್ ಬಾಕ್ಸಿನಿಂದ ಟಿ.ವಿ.ಗೆ ಹೋಗುವ ಚಪ್ಪಟೆ ಮೂತಿಯ ವೈರ್ ಇದೆಯಲ್ಲ, ಅದು ಎಚ್‌ಡಿಎಂಐ ಕೇಬಲ್. ಅದನ್ನು ಬಾಕ್ಸಿನಿಂದ ಕಿತ್ತು ಲ್ಯಾಪ್‌ಟಾಪಿನ ಪಕ್ಕದಲ್ಲಿರುವ ಅದೇ ಆಕಾರದ ತೂತಿಗೆ ಹಾಕಿ. ಟಿ.ವಿ. ರಿಮೋಟಿನಲ್ಲಿ ಸೋರ್ಸ್ ಗುಂಡಿ ಒತ್ತಿ ಎಚ್‌ಡಿಎಂಐ ಆರಿಸಿ. ಹಳೆಯ ಲ್ಯಾಪ್‌ಟಾಪಿನಲ್ಲಿ ಅದರ ಬದಲು 15 ತೂತುಗಳ ನೀಲಿ ಬಣ್ಣದ ವಿಜಿಎ ಕಿಂಡಿ ಇರಬಹುದು, ಅದಕ್ಕೆ ಕಂಪ್ಯೂಟರಿನ ಹಳೆ ಮಾನಿಟರ್ ಸಾಕು. ಚಿತ್ರ ತಾನಾಗಿ ಬರದಿದ್ದರೆ ಮೇಲೆ ಹೇಳಿದ ವಿಂಡೋಸ್ ಕೀ ಮತ್ತು ಪಿ ಉಪಾಯ ಮಾಡಿ.

ಟಿ.ವಿ.ಯಲ್ಲಿ ಚಿತ್ರ ಸರಿಯಾಗಿ ಬಂದರೆ ಮದರ್‌ಬೋರ್ಡ್ ಪೂರ್ತಿ ಹೋಗಿದೆ ಎಂಬ ಮಾತಿಗೆ ಆಧಾರವಿಲ್ಲ. ರ‍್ಯಾಮ್ ಸರಿ, ಲೆಕ್ಕ ಇಟ್ಟಿರುವ ಡಿಸ್ಕ್ ಸರಿ. ಆ ಕ್ಷಣವೇ ಬೇರೆ ಕೆಲಸ ಬಿಟ್ಟು ಸಾಲದ ಖಾತೆ, ಉಳಿತಾಯದ ಖಾತೆ, ನಿರ್ಣಯಗಳು, ಸದಸ್ಯರ ದಾಖಲೆ ಎಲ್ಲವನ್ನೂ ಪೆನ್‌ಡ್ರೈವಿಗೆ ನಕಲು ಮಾಡಿಕೊಳ್ಳಿ. ಸಾಧ್ಯವಿದ್ದರೆ ಎರಡು ಪೆನ್‌ಡ್ರೈವ್. ನಕಲಾದ ಮೇಲೆ ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಿ. ನಕಲಾಗಿದೆ ಎಂದುಕೊಂಡು ಖಾಲಿ ಫೋಲ್ಡರ್ ತಂದವರಿದ್ದಾರೆ.

ಟಿ.ವಿ.ಯಲ್ಲೂ ಏನೂ ಬರಲಿಲ್ಲ, ಕ್ಯಾಪ್ಸ್ ಲಾಕ್ ಲೈಟೂ ಕೇಳುವುದಿಲ್ಲ ಎಂದಾದರೆ ರ‍್ಯಾಮ್ ನೋಡಿಸಬೇಕು. ಕೆಲವು ಲ್ಯಾಪ್‌ಟಾಪಿನಲ್ಲಿ ಅದು ಬೋರ್ಡಿಗೇ ಬೆಸುಗೆಯಾಗಿರುತ್ತದೆ, ತೆಗೆಯಲು ಬರುವುದಿಲ್ಲ. ತೆಗೆಯಲು ಬರುವಂಥದ್ದಾದರೆ ಬ್ಯಾಟರಿ ಕಳಚಿದ ಮೇಲೆ ಪಟ್ಟಿಯನ್ನು ಹೊರತೆಗೆದು, ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ಮಕ್ಕಳ ಬಿಳಿ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಊದಿ, ಮತ್ತೆ ಕೂರಿಸುತ್ತಾರೆ. ಮಳೆಗಾಲದ ತೇವದಲ್ಲಿ ಆ ಹಲ್ಲುಗಳ ಮೇಲೆ ಕಿಲುಬು ಕೂತಿರುತ್ತದೆ. ಕೈ ನಡುಗುವವರು ಇದನ್ನು ಮಾಡಬೇಕೆಂದಿಲ್ಲ, ಆದರೆ ಅಂಗಡಿಯಲ್ಲಿ “ರ‍್ಯಾಮ್ ತೆಗೆದು ಕ್ಲೀನ್ ಮಾಡಿ ನೋಡಿದ್ರಾ?” ಎಂದು ಕೇಳಲು ಬರಬೇಕು.

ದೀಪ ಏಕೆ ಆರಿತು?

“ಈಗ ಮುಚ್ಚಳವನ್ನು ಮೆಲ್ಲಗೆ ಹಿಂದೆ ಮುಂದೆ ಬಾಗಿಸಿ” ಎಂದೆ. ಅರ್ಧಕ್ಕೆ ಬಾಗಿಸಿದಾಗ ಒಂದು ಕ್ಷಣ ಪರದೆ ಫಳ್ ಎಂದು ಬೆಳಗಿ ಆರಿತಂತೆ. ಅಲ್ಲಿಗೆ ಕಳ್ಳ ಸಿಕ್ಕಿಬಿದ್ದ. ಕೀಲಿಮಣೆಯ ಭಾಗದಿಂದ ಪರದೆಗೆ ಒಂದು ತೆಳು ಕೇಬಲ್ ಹೋಗುತ್ತದೆ. ಅದು ಹೋಗುವುದು ಬಾಗುವ ಹಿಂಜಿನ ಪಕ್ಕದಲ್ಲೇ. ದಿನಕ್ಕೆ ಹತ್ತು ಸಲ ತೆರೆದು ಮುಚ್ಚಿದರೆ ಕೂದಲಿನಂಥ ತಂತಿಗಳು ಒಳಗೇ ತುಂಡಾಗುತ್ತವೆ. ದೀಪಕ್ಕೆ ವಿದ್ಯುತ್ ಒಯ್ಯುವ ತಂತಿ ತುಂಡಾದರೆ ಚಿತ್ರ ಇರುತ್ತದೆ, ಬೆಳಕು ಇರುವುದಿಲ್ಲ. ನಾವು ಹೆಂಗಸರು ಮಗುವನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಪರದೆಯ ಒಂದೇ ಮೂಲೆ ಹಿಡಿದು ಎತ್ತುತ್ತೇವೆ. ಹಾಗೆ ಮಾಡಿದರೆ ಹಿಂಜು ತಿರುಚುತ್ತದೆ. ಮೇಲಿನ ಅಂಚಿನ ಮಧ್ಯದಲ್ಲಿ ಹಿಡಿದು ಎತ್ತುವುದು ರೂಢಿಯಾಗಲಿ.

ಕೇಬಲ್ ಸರಿಯಿದ್ದರೆ ಉಳಿಯುವುದು ದೀಪ, ಇಲ್ಲವೇ ಅದಕ್ಕೆ ವಿದ್ಯುತ್ ಕೊಡುವ ಭಾಗ. ಈಗಿನ ಲ್ಯಾಪ್‌ಟಾಪುಗಳಲ್ಲಿ ದೀಪ ಎಂದರೆ ಸಣ್ಣ ಎಲ್‌ಇಡಿಗಳ ಸಾಲು. ಅದು ಕೆಟ್ಟರೆ ಸಾಮಾನ್ಯವಾಗಿ ಪರದೆಯನ್ನೇ ಬದಲಿಸುತ್ತಾರೆ. ವಿದ್ಯುತ್ ಹೋಗುವ ದಾರಿಯಲ್ಲಿ ಎಳ್ಳಿನಷ್ಟು ದೊಡ್ಡ ಫ್ಯೂಸ್ ಒಂದಿರುತ್ತದೆ. ಅದು ಸುಟ್ಟಿದ್ದರೆ ಪರದೆ ಹೊಸದು ಹಾಕಿದರೂ ಬೆಳಕು ಬಾರದು. ಸೂಕ್ಷ್ಮ ಬೆಸುಗೆ ಗೊತ್ತಿರುವವರು ಅದನ್ನು ಬದಲಿಸಬಲ್ಲರು.

ದಾನವಾಗಿ ಬಂದ ಹಳೆ ಲ್ಯಾಪ್‌ಟಾಪ್ ಇಟ್ಟುಕೊಂಡ ಸಂಘಗಳು ಇದನ್ನು ಓದಿ. ಸುಮಾರು 2010ಕ್ಕಿಂತ ಮುಂಚಿನ ಬಹುಪಾಲು ಲ್ಯಾಪ್‌ಟಾಪುಗಳಲ್ಲಿ ಎಲ್‌ಇಡಿ ಇಲ್ಲ. ಕಡ್ಡಿಯಂಥ ಸಣ್ಣ ಟ್ಯೂಬ್‌ಲೈಟ್ ಇದೆ. ಟ್ಯೂಬಿಗೆ ಚೋಕ್ ಇದ್ದ ಹಾಗೆ ಅದಕ್ಕೆ ಇನ್ವರ್ಟರ್ ಎಂಬ ಉದ್ದನೆಯ ಸಣ್ಣ ಬೋರ್ಡು. (ಕರೆಂಟು ಹೋದಾಗ ಮನೆಗೆ ದೀಪ ಕೊಡುವ ಇನ್ವರ್ಟರ್ ಅಲ್ಲ.) ಟ್ಯೂಬ್ ಮುದಿಯಾದರೆ ಪರದೆ ಮೊದಲು ಕೆಂಪು ಕೆಂಪಾಗಿ ಕಂಡು ಆಮೇಲೆ ಆರುತ್ತದೆ. ಬಣ್ಣ ಸರಿಯಿದ್ದು ಬೆಳಕು ಬಂದು ತಟ್ಟನೆ ಹೋಗುತ್ತಿದ್ದರೆ ಇನ್ವರ್ಟರಿನ ಮೇಲೆ ಅನುಮಾನ ಪಡಬಹುದು. ಆ ಬೋರ್ಡಿನಲ್ಲಿ ನೂರಾರು ವೋಲ್ಟ್ ಇರುತ್ತದೆ, ಆನ್ ಇರುವಾಗ ಬಿಚ್ಚಿ ಮುಟ್ಟಲೇಬಾರದು. ಟ್ಯೂಬಿನಲ್ಲಿ ಪಾದರಸವೂ ಇದೆ. ಹಳೆ ಪರದೆಯನ್ನು ಗೊಬ್ಬರದ ಗುಂಡಿಗೆ, ಒಲೆಗೆ ಎಸೆಯಬೇಡಿ. ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೇ ಕೊಡಿ.

ಬ್ಯಾಟರಿ ಉಬ್ಬಿ ಕೀಲಿಮಣೆ ಮೇಲೆದ್ದಿದ್ದರೆ ಈ ಯಾವ ಪರೀಕ್ಷೆಯೂ ಬೇಡ. ಚಾರ್ಜರ್ ತೆಗೆದು, ಆಫ್ ಮಾಡಿ, ಒತ್ತದೆ, ಚುಚ್ಚದೆ ನೇರ ರಿಪೇರಿಯವರ ಹತ್ತಿರ ಹೋಗಿ. ಅದು ಬೆಂಕಿ ಹಿಡಿಯುವ ವಸ್ತು.

ಅಂಗಡಿಗೆ ಹೋಗುವಾಗ

ಅಂಗಡಿಯವರೆಲ್ಲ ಮೋಸಗಾರರು ಎಂದು ನಾನು ಹೇಳುವುದಿಲ್ಲ. ಮಾರ್ಚ್ ತಿಂಗಳಲ್ಲಿ ಅವರ ಮುಂದೆ ಹತ್ತು ಯಂತ್ರ ಕಾದಿರುತ್ತವೆ, ಪರೀಕ್ಷೆ ಮಾಡದೆ ಬಾಯಿಗೆ ಬಂದದ್ದು ಹೇಳುತ್ತಾರೆ. ನಾವು “ಕಪ್ಪಾಗಿದೆ” ಎಂದಷ್ಟೇ ಹೇಳಿದರೆ ಅವರು ದೊಡ್ಡದನ್ನೇ ಹೇಳುತ್ತಾರೆ. “ಟಾರ್ಚ್ ಹಾಕಿದರೆ ಚಿತ್ರ ಕಾಣುತ್ತೆ, ಟಿ.ವಿ.ಯಲ್ಲಿ ಸರಿಯಾಗಿ ಬರುತ್ತೆ, ಮುಚ್ಚಳ ಬಾಗಿಸಿದರೆ ಬೆಳಕು ಬಂದು ಹೋಗುತ್ತೆ” ಎಂದು ಹೇಳಿ ನೋಡಿ, ಮಾತಿನ ಧಾಟಿಯೇ ಬದಲಾಗುತ್ತದೆ. ಅಕ್ಕ ಇದನ್ನೇ ಒಂದು ಚೀಟಿಯಲ್ಲಿ ಬರೆದುಕೊಂಡು, ಖಜಾಂಚಿಯವರನ್ನೂ ಕರೆದುಕೊಂಡು ಇನ್ನೊಂದು ಅಂಗಡಿಗೆ ಹೋದರು. ಕೇಬಲ್ ಬದಲಾಯಿತು. ಕೂಲಿ ಸೇರಿ 1,400 ರೂಪಾಯಿ.

ಎಷ್ಟಾಗುತ್ತದೆ ಎಂದು ಮೊದಲೇ ಬರೆಸಿಕೊಳ್ಳಿ. ಅದಕ್ಕಿಂತ ಹೆಚ್ಚಾದರೆ ಫೋನ್ ಮಾಡಿ ಕೇಳಿದ ಮೇಲೆಯೇ ಮಾಡಬೇಕು ಎಂದು ಹೇಳಿ. ತೆಗೆದ ಹಳೆಯ ಬಿಡಿಭಾಗವನ್ನು ಕೇಳಿ ಪಡೆಯಿರಿ. ಪರದೆಯನ್ನೇ ಬದಲಿಸುವುದಾದರೆ ಅದರ ಬೆನ್ನಿನ ಮೇಲಿರುವ ಚೀಟಿಯ ನಂಬರ್ ನೋಡಿ ಅದಕ್ಕೆ ಹೊಂದುವುದನ್ನೇ ತರಿಸಬೇಕು. ಅಳತೆ ಒಂದೇ ಆದರೂ ಕೇಬಲ್ ಕೂರುವ ಪಿನ್ನುಗಳು ಒಂದರಲ್ಲಿ 30, ಇನ್ನೊಂದರಲ್ಲಿ 40 ಇರಬಹುದು. ಪರದೆಯ ಕೇಬಲ್ ಕಳಚುವ ಮೊದಲು ಬ್ಯಾಟರಿ ಕಳಚಲೇಬೇಕು, ಇಲ್ಲದಿದ್ದರೆ ನಾನು ಹೇಳಿದ ಆ ಎಳ್ಳುಕಾಳು ಫ್ಯೂಸ್ ಸುಟ್ಟುಹೋಗಬಹುದು. ಅವಸರದಲ್ಲಿ ಇದನ್ನು ಮರೆಯುವವರಿದ್ದಾರೆ, ನೀವು ಎದುರಿಗಿದ್ದರೆ ನೆನಪಿಸಿ.

ಇನ್ನೊಂದು ವಿಷಯ, ಇದನ್ನು ನಾನು ಹಣಕ್ಕಿಂತ ದೊಡ್ಡದೆಂದು ಎಣಿಸುತ್ತೇನೆ. ನಮ್ಮ ಲ್ಯಾಪ್‌ಟಾಪಿನಲ್ಲಿ ಸದಸ್ಯರ ಆಧಾರ್ ಪ್ರತಿ, ಬ್ಯಾಂಕ್ ಖಾತೆ ನಂಬರ್, ಯಾರು ಸಾಲ ಕಟ್ಟಿಲ್ಲ, ಯಾರು ಗಂಡನಿಗೆ ತಿಳಿಯದ ಹಾಗೆ ಉಳಿತಾಯ ಇಟ್ಟಿದ್ದಾರೆ ಎಂಬುದೆಲ್ಲ ಇದೆ. ನಮ್ಮನ್ನು ನಂಬಿ ಕೊಟ್ಟ ಮಾಹಿತಿ ಅದು. ಪರದೆ, ಕೇಬಲ್ ಬದಲಿಸಲು ಪಾಸ್‌ವರ್ಡ್ ಬೇಕಾಗಿಲ್ಲ. ಆನ್ ಮಾಡಿದಾಗ ಕಂಪನಿಯ ಹೆಸರು ಬೆಳಗಿದರೆ ಬೆಳಕು ಬಂದಿದೆ ಎಂದು ಅವರಿಗೂ ಗೊತ್ತಾಗುತ್ತದೆ. “ಪಾಸ್‌ವರ್ಡ್ ಬರೆದುಕೊಡಿ, ನಾಳೆ ಬನ್ನಿ” ಎಂದರೆ, “ನಾನೇ ಬಂದು ಹಾಕ್ತೇನೆ” ಎನ್ನಿ. ಸಾಧ್ಯವಾದಷ್ಟೂ ಎದುರಿಗೆ ಕೂತು ಮಾಡಿಸಿಕೊಳ್ಳಿ.

ನಿಜವಾಗಿಯೂ ಮದರ್‌ಬೋರ್ಡೇ ಹೋಗಿದ್ದರೆ? ಆರೇಳು ವರ್ಷ ದುಡಿದ ಯಂತ್ರಕ್ಕೆ ದೊಡ್ಡ ಮೊತ್ತ ಸುರಿಯುವುದು ನನ್ನ ಮಟ್ಟಿಗೆ ಬೇಡ. ಅದರ ಡಿಸ್ಕನ್ನು ಹೊರತೆಗೆಯಲು ಬರುವುದಾದರೆ ಒಂದು ಸಣ್ಣ ಡಬ್ಬಿಗೆ ಹಾಕಿ, ಯುಎಸ್‌ಬಿ ಮೂಲಕ ಬೇರೆ ಕಂಪ್ಯೂಟರಿಗೆ ಜೋಡಿಸಿ ಲೆಕ್ಕವನ್ನು ಎತ್ತಿಕೊಳ್ಳಬಹುದು. ಡಿಸ್ಕಿಗೆ ಬೀಗ ಹಾಕಿದ್ದರೆ ಮಾತ್ರ ಅದರ ಕೀ ನಂಬರ್ ಬೇಕಾಗುತ್ತದೆ. ಯಂತ್ರವನ್ನು ಗುಜರಿಗೆ ಹಾಕುವಾಗಲೂ ಡಿಸ್ಕ್ ನಮ್ಮ ಹತ್ತಿರವೇ ಇರಬೇಕು.

ಮುಂದಿನ ಸಭೆಯಲ್ಲಿ ಮಾಡಿ ನೋಡಲು

ಒಕ್ಕೂಟದ ಲ್ಯಾಪ್‌ಟಾಪನ್ನು ಸಭೆಗೆ ತನ್ನಿ. ಸೂರ್ಯನ ಚಿತ್ರದ ಕೀಯಿಂದ ಬೆಳಕನ್ನು ಪೂರ್ತಿ ಕಡಿಮೆ ಮಾಡಿ, ಕೋಣೆ ಕತ್ತಲು ಮಾಡಿ, ಪ್ರತಿಯೊಬ್ಬ ಸದಸ್ಯೆಯೂ ಟಾರ್ಚ್ ಹಿಡಿದು ನೋಡಲಿ. ಕೆಲವು ಲ್ಯಾಪ್‌ಟಾಪಿನಲ್ಲಿ ಬೆಳಕು ಪೂರ್ತಿ ಆರುವುದಿಲ್ಲ, ಆದರೂ ಕೈಗೆ ಅಭ್ಯಾಸವಾಗುತ್ತದೆ. ಯಾರ ಮನೆಯಲ್ಲಿ ಎಚ್‌ಡಿಎಂಐ ಕೇಬಲ್ ಇದೆ ಎಂದು ಕೇಳಿ ಬರೆದಿಡಿ. ಆಮೇಲೆ ಲೆಕ್ಕ ಬರೆಯುವವರನ್ನು ಕೇಳಿ, ಕೊನೆಯ ಸಲ ಪೆನ್‌ಡ್ರೈವಿಗೆ ನಕಲು ಮಾಡಿದ ತಾರೀಕು ಯಾವುದು, ಆ ಪೆನ್‌ಡ್ರೈವ್ ಈಗ ಎಲ್ಲಿದೆ. ನಮ್ಮ ಅಕ್ಕನ ಒಕ್ಕೂಟದಲ್ಲಿ ಈಗ ಅದು ಖಜಾಂಚಿಯವರ ಮನೆಯ ಕಬ್ಬಿಣದ ಪೆಟ್ಟಿಗೆಯಲ್ಲಿ, ಪಾಸ್‌ಬುಕ್ಕುಗಳ ಜೊತೆಗಿದೆ. ಪ್ರತಿ ತಿಂಗಳ ಸಭೆಯ ದಿನ ಹೊರಗೆ ಬಂದು, ನಕಲು ಮುಗಿದ ಮೇಲೆ ತಾರೀಕು ಬರೆಸಿಕೊಂಡು ಮತ್ತೆ ಒಳಗೆ ಹೋಗುತ್ತದೆ.